ತಳಹದಿಯ ಕೆಳಗಿನ ಚರಿತ್ರೆ

ಹಳೆಯ ಮನೆಯನ್ನು ಕೆಡವಿ ಹೊಸ ಕಟ್ಟಡಕ್ಕೆ ಪಾಯ ತೋಡುವ ದೃಶ್ಯವು ಮುಂಬಯಿಯಲ್ಲಿ ವಾಸಿಸುವ ನಮಗೆ ಹೊಸತಲ್ಲ. ಆ ಗುಂಡಿಯಿಂದ ಮೇಲೆ ಬರುವ ಇಟ್ಟಿಗೆ, ಹೆಂಚು, ಮಡಕೆಯ ಚೂರುಗಳನ್ನು ನಾವು ಕಸವೆಂದು ಕರೆಯುತ್ತೇವೆ. ಅವು ಯಾವಾಗ ಕಸವಾಗುತ್ತವೆ, ಯಾವಾಗ ಚರಿತ್ರೆಯಾಗುತ್ತವೆ ಎಂಬುದನ್ನು ಲಂಡನ್ ನಗರದ ಒಂದೇ ನಿವೇಶನವು ಎರಡು ಸಲ ತೋರಿಸಿಕೊಟ್ಟಿದೆ.

ಎರಡನೆಯ ಮಹಾಯುದ್ಧದಲ್ಲಿ ಬಾಂಬುಗಳಿಂದ ಹಾಳಾದ ವಾಲ್‌ಬ್ರೂಕ್ ಎಂಬ ಭಾಗದಲ್ಲಿ ದೊಡ್ಡ ಕಛೇರಿಯೊಂದನ್ನು ಕಟ್ಟುವುದಕ್ಕೆ ಮೊದಲು ಗ್ರೈಮ್ಸ್ ಎಂಬ ಪುರಾತತ್ತ್ವಜ್ಞರು ನೆಲವನ್ನು ಅಗೆದು ನೋಡಿದರು. ಸುಮಾರು 18 ಮೀಟರು ಉದ್ದದ ರೋಮನ್ ದೇವಾಲಯದ ಗೋಡೆಗಳು ಕಾಣಿಸಿದವು. 1954ನೆಯ ಇಸವಿ ಸೆಪ್ಟೆಂಬರ್ 18ರಂದು, ಅಗೆತವನ್ನು ನಿಲ್ಲಿಸಬೇಕಾಗಿದ್ದ ದಿನವೇ, ಅಮೃತಶಿಲೆಯ ತಲೆಯೊಂದು ದೊರೆಯಿತು. ಅದು ಮಿಥ್ರಾಸ್ ದೇವನದು. ಈ ಹೆಸರಿಗೂ ನಮ್ಮ ವೇದಗಳ ಮಿತ್ರನ ಹೆಸರಿಗೂ ನಂಟುಂಟು. ಸಾವಿರಾರು ಜನರು ಅದನ್ನು ನೋಡಲು ಸಾಲುಗಟ್ಟಿ ನಿಂತರು.

ಆದರೆ ಕಟ್ಟಡ ನಿಲ್ಲುವಂತಿರಲಿಲ್ಲ. ದೇವಾಲಯದ ಕಲ್ಲುಗಳನ್ನು ಕಿತ್ತು, 1962ರಲ್ಲಿ ಸುಮಾರು 100 ಮೀಟರು ದೂರದಲ್ಲಿ, ಬೀದಿಯ ಮಟ್ಟಕ್ಕಿಂತ ಮೇಲೆ, ಸಿಮೆಂಟಿನಿಂದ ಜೋಡಿಸಿ ನಿಲ್ಲಿಸಿದರು. ತೊರೆಯ ಪಕ್ಕದಲ್ಲಿ ತಗ್ಗಿನಲ್ಲಿದ್ದ ಗುಡಿ ಎತ್ತರದಲ್ಲಿ ಕುಳಿತಿತು; ಮೂಲದಲ್ಲಿ ಇಲ್ಲದ ಕಲ್ಲಿನ ನೆಲಗಟ್ಟು ಬಂದಿತು. ಕಲ್ಲುಗಳು ಉಳಿದವು, ಅವು ಹೇಳುತ್ತಿದ್ದ ಮಾತು ಕೆಟ್ಟಿತು.

ಇದರ ಕಾರಣವನ್ನು ನಾವು ಚೆನ್ನಾಗಿ ತಿಳಿಯಬೇಕು. ಮಣ್ಣು ಪದರ ಪದರವಾಗಿ ಕೂಡುತ್ತದೆ; ಸಾಮಾನ್ಯವಾಗಿ ಕೆಳಗಿನ ಪದರ ಹಳೆಯದು, ಮೇಲಿನದು ಈಚಿನದು. ಒಂದು ಚೂರು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿತ್ತು ಎಂಬುದೇ ಅದರ ವಯಸ್ಸಿಗೂ ಉಪಯೋಗಕ್ಕೂ ಸಾಕ್ಷಿ. ಆದುದರಿಂದ ಪಾಯ ತೋಡುವಾಗ ಪುರಾತತ್ತ್ವಜ್ಞನು ಯಂತ್ರದ ಪಕ್ಕದಲ್ಲೇ ನಿಂತಿರುತ್ತಾನೆ. ಮಣ್ಣಿನ ಬಣ್ಣ ಬದಲಾದೊಡನೆ, ಗೋಡೆಯ ಗೆರೆ ತೋರಿದೊಡನೆ ಕೆಲಸ ನಿಲ್ಲಿಸುತ್ತಾನೆ. ಕರಣೆಯಿಂದ ಮೆಲ್ಲನೆ ಬಿಡಿಸಿ, ಆಳವನ್ನು ಅಳೆದು, ನಕ್ಷೆ ಬರೆದು, ಛಾಯಾಚಿತ್ರ ತೆಗೆದು, ಪದರಕ್ಕೊಂದು ಸಂಖ್ಯೆ ಕೊಟ್ಟ ಬಳಿಕವೇ ಮುಂದಕ್ಕೆ ಬಿಡುತ್ತಾನೆ. 1989ರಲ್ಲಿ ಶೇಕ್ಸ್‌ಪಿಯರನ ಕಾಲದ ರೋಸ್ ನಾಟಕಶಾಲೆಯ ಅಡಿಪಾಯವು ಲಂಡನ್ನಿನಲ್ಲಿ ದೊರೆತು ಜನರು ಅದರ ಉಳಿವಿಗಾಗಿ ಹೋರಾಡಿದರು. ಮರುವರ್ಷವೇ, ಕಟ್ಟಡಕ್ಕೆ ಅನುಮತಿ ಕೊಡುವ ಮುನ್ನ ನೆಲದೊಳಗಿನ ಅವಶೇಷಗಳನ್ನು ವಿಚಾರಿಸಬೇಕೆಂದು ಅಲ್ಲಿನ ಸರಕಾರವು ಮಾರ್ಗಸೂಚಿ ಹೊರಡಿಸಿತು.

ಈ ಎಚ್ಚರದ ಫಲವು ವಾಲ್‌ಬ್ರೂಕಿನಲ್ಲಿಯೇ ಕಂಡಿತು. ಹಳೆಯ ಕಛೇರಿಯನ್ನು ಕೆಡವಿ ಇನ್ನೊಂದನ್ನು ಕಟ್ಟುವ ಮುನ್ನ, 2010ರಿಂದ 2014ರವರೆಗೆ ಅಲ್ಲಿ ಮತ್ತೆ ಉತ್ಖನನ ನಡೆಯಿತು. ನೀರೂರಿದ ಮಣ್ಣಿಗೆ ಗಾಳಿ ತಾಗದಿದ್ದುದರಿಂದ ಮರವು ಕೊಳೆತಿರಲಿಲ್ಲ. ರೋಮನ್ನರು ಮೇಣ ಸವರಿ ಬರೆಯುತ್ತಿದ್ದ 400ಕ್ಕೂ ಹೆಚ್ಚು ಮರದ ಹಲಗೆಗಳು ದೊರೆತವು. ಮೇಣ ಹೋಗಿತ್ತು, ಲೇಖನಿಯ ಗೀರು ಮರದಲ್ಲಿ ಉಳಿದಿತ್ತು. ಕ್ರಿ. ಶ. 57ನೆಯ ಜನವರಿ 8ರಂದು ಬರೆದ ಒಂದು ಹಲಗೆಯಲ್ಲಿ, ತಿಬುಲ್ಲಸ್ ಎಂಬವನು ಗ್ರಾಟಸ್ ಎಂಬವನಿಗೆ ಸರಕಿನ ಬಾಬ್ತು 105 ದಿನಾರಿ ಕೊಡಬೇಕೆಂದು ಒಪ್ಪಿಕೊಂಡಿದ್ದಾನೆ. ರಾಜರ ಶಾಸನವಲ್ಲ, ಇಬ್ಬರು ಸಾಮಾನ್ಯರ ಸಾಲಪತ್ರ! 2017ರಲ್ಲಿ ದೇವಾಲಯವನ್ನೂ ಮೂಲಸ್ಥಾನದ ಸಮೀಪ, ಇಂದಿನ ಬೀದಿಗಿಂತ ಸುಮಾರು 7 ಮೀಟರು ಕೆಳಗೆ, ಸರಿಯಾದ ರೂಪದಲ್ಲಿ ಜನರ ದರ್ಶನಕ್ಕೆ ತೆರೆದರು.

ವಿದ್ಯಾರ್ಥಿಗಳೇ, ನೆಲದೊಳಗಿನ ವಸ್ತುವನ್ನು ಮೊದಲು ಕಾಣುವ ಕಣ್ಣು ಪಂಡಿತನದಲ್ಲ, ಗುದ್ದಲಿ ಹಿಡಿದವನದು. ಕಲಬುರಗಿ, ವಿಜಯಪುರಗಳ ಕಡೆಯಿಂದ ಬಂದ ನಮ್ಮವರು ಎಷ್ಟೋ ಮಂದಿ ಈ ನಗರದ ಪಾಯಗಳನ್ನು ತೋಡಿದ್ದಾರೆ; ನಿಮ್ಮಲ್ಲಿ ಕೆಲವರ ತಂದೆತಾಯಿಗಳೂ ಅವರಲ್ಲಿರಬಹುದು. ನೆಲದಲ್ಲಿ ಹುದುಗಿದ್ದ, ಹತ್ತು ರೂಪಾಯಿಗೆ ಮೀರಿದ ಬೆಲೆಯುಳ್ಳ ವಸ್ತು ದೊರೆತರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯಿದೆ ವಿಧಿಸುತ್ತದೆ. ನಾಣ್ಯವಾಗಲಿ, ಕೆತ್ತಿದ ಕಲ್ಲಾಗಲಿ ಕಂಡರೆ ಕಿತ್ತು ತರಬೇಡಿರೆಂದು ಇಂದೇ ಮನೆಯಲ್ಲಿ ಹೇಳಿರಿ. ಅದು ಇದ್ದಲ್ಲಿಯೇ ಇರಲಿ. ತಿಳಿದವರು ಬಂದು ನೋಡಲಿ.