ಪ್ಲೇಟ್ ಬದಲಿಸಿದರೂ ಮತ್ತೆ ಸ್ಲಿಪ್: ಹಿಮಾಲಯನ್ ಕ್ಲಚ್ ರಿಪೇರಿ, ಹಂತ ಹಂತವಾಗಿ

ಕ್ಲಚ್ ಪ್ಲೇಟ್ ಇರುವುದೇ ಸವೆಯುವುದಕ್ಕೆ. ಆದರೆ ಹಾಕಿಸಿದ ಹೊಸ ಪ್ಲೇಟ್ ಒಂದು ಮಳೆಗಾಲವೂ ಬಾಳದೆ ಹೋಯಿತು, ಇನ್ನೊಂದು ಹಾಕಿಸಿದರೆ ಅದಕ್ಕೂ ಅದೇ ಗತಿ ಎಂದಾದರೆ ತಪ್ಪು ಪ್ಲೇಟಿನದಲ್ಲ. ಅದನ್ನು ಸುಡುತ್ತಿರುವುದು ಬೇರೇನೋ. ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು, 'ಪ್ಲೇಟ್ ಹೋಗಿದೆ ಸಾರ್, ಹಾಕಿಬಿಡೋಣ'. ಯಾಕೆ ಹೋಯಿತು ಎಂದು ನೀವು ಕೇಳದಿದ್ದರೆ ಯಾರೂ ಹೇಳುವುದಿಲ್ಲ.

ಇಲ್ಲಿ ಉದಾಹರಣೆಗೆ ಎತ್ತಿಕೊಂಡಿರುವುದು 2016ರಲ್ಲಿ ಬಂದ 411 ಸಿಸಿಯ ರಾಯಲ್ ಎನ್‌ಫೀಲ್ಡ್ ಹಿಮಾಲಯನ್. ಕೇಬಲ್‌ನಿಂದ ನಡೆಯುವ, ಎಂಜಿನ್ ಆಯಿಲ್‌ನಲ್ಲೇ ನೆನೆದಿರುವ ಕ್ಲಚ್ ಅದರದು. ಈ ಬಗೆಯ ಕ್ಲಚ್ ಇರುವ ಉಳಿದ ಅಡ್ವೆಂಚರ್ ಬೈಕುಗಳಿಗೂ ಕ್ರಮ ಇದೇ. ಅಳತೆಗಳನ್ನು ಮಾತ್ರ ಆಯಾ ಬೈಕಿನ ಸರ್ವಿಸ್ ಮ್ಯಾನ್ಯುಯಲ್‌ನಿಂದಲೇ ತೆಗೆದುಕೊಳ್ಳಬೇಕು.

ಒಳಗೆ ಇರುವುದಿಷ್ಟು. ಎಂಜಿನ್ ತಿರುಗಿಸುವ ಬಾಸ್ಕೆಟ್‌ಗೆ ಫ್ರಿಕ್ಷನ್ ಪ್ಲೇಟುಗಳ ಕಿವಿಗಳು ಸಿಕ್ಕಿಕೊಂಡಿರುತ್ತವೆ. ಗೇರ್‌ಬಾಕ್ಸ್ ಕಡೆಯ ಹಬ್‌ಗೆ ಸ್ಟೀಲ್ ಪ್ಲೇಟುಗಳು. ಒಂದು ಅದು, ಒಂದು ಇದು ಎಂದು ಜೋಡಿಸಿ, ಮೇಲಿನಿಂದ ಪ್ರೆಷರ್ ಪ್ಲೇಟ್ ಇಟ್ಟು ಸ್ಪ್ರಿಂಗುಗಳಿಂದ ಅದುಮಿರುತ್ತಾರೆ. ಲಿವರ್ ಹಿಡಿದರೆ ಆ ಒತ್ತಡ ಬಿಡುತ್ತದೆ. ಒತ್ತಡ ಪೂರ್ತಿ ಕೂರದಿದ್ದಾಗ ಪ್ಲೇಟುಗಳು ಒಂದರ ಮೇಲೊಂದು ಜಾರಿ, ಬಿಸಿಯಾಗಿ, ಸುಡುತ್ತವೆ.

ಹಂತ 1: ನಿಜಕ್ಕೂ ಸ್ಲಿಪ್ಪೇ?

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಖಾಲಿ ರಸ್ತೆಯಲ್ಲಿ, ಐದನೇ ಗೇರಿನಲ್ಲಿ 60 ಕಿಲೋಮೀಟರ್ ವೇಗದಿಂದ ಆಕ್ಸಿಲರೇಟರ್ ಪೂರ್ತಿ ಕೊಡಿ. ಸಣ್ಣ ಏರು ಸಿಕ್ಕರೆ ಇನ್ನೂ ಒಳ್ಳೆಯದು. ಆರ್‌ಪಿಎಂ ಮುಳ್ಳು ಜಿಗಿದು ವೇಗ ಅಲ್ಲೇ ಉಳಿದರೆ ಕ್ಲಚ್ ಜಾರುತ್ತಿದೆ. ಎರಡೂ ನಿಧಾನವಾಗಿ ಒಟ್ಟಿಗೇ ಏರಿದರೆ ಪಿಕಪ್ ಇಲ್ಲದಿರುವುದಕ್ಕೆ ಕಾರಣ ಬೇರೆ. ಏರ್ ಫಿಲ್ಟರ್‌ನಿಂದ ಹುಡುಕಲು ಶುರುಮಾಡಿ. 'ಟಕ್' ಎಂದು ಜಗ್ಗಿದರೆ ಚೈನ್ ಸ್ಪ್ರಾಕೆಟ್ ಹಲ್ಲು ಹಾರುತ್ತಿರಬಹುದು. ಕ್ಲಚ್ ಜಾರುವುದು ನಯವಾಗಿ, ಜಗ್ಗಾಟವಿಲ್ಲದೆ.

ಒಂದೆರಡು ಸಲ ನೋಡಿದರೆ ಸಾಕು. ಪರೀಕ್ಷೆ ಮಾಡಿದಷ್ಟೂ ಪ್ಲೇಟ್ ಸುಡುತ್ತದೆ.

ಲಿವರ್ ಪೂರ್ತಿ ಹಿಡಿದರೂ ಬೈಕ್ ಮುಂದಕ್ಕೆ ತೆವಳುವುದು, ನ್ಯೂಟ್ರಲ್ ಸಿಗದೆ ಸತಾಯಿಸುವುದು ಇನ್ನೊಂದು ಕಾಯಿಲೆ. ಅದಕ್ಕೆ ಡ್ರ್ಯಾಗ್ ಎನ್ನುತ್ತಾರೆ. ಸ್ಲಿಪ್, ಡ್ರ್ಯಾಗ್ ಎರಡೂ ಒಂದೇ ಬೈಕಿನಲ್ಲಿದ್ದರೆ ಬಾಸ್ಕೆಟ್ ಅಥವಾ ಬಾಗಿದ ಸ್ಟೀಲ್ ಪ್ಲೇಟಿನ ಮೇಲೆ ಅನುಮಾನ ಇಟ್ಟುಕೊಳ್ಳಿ.

ಹಂತ 2: ಕೇಬಲ್ ನೋಡಿ

ಎಂಜಿನ್ ತಣ್ಣಗಿರುವಾಗ ಲಿವರನ್ನು ಮೆಲ್ಲಗೆ ಎಳೆಯಿರಿ. ಭಾರ ಸಿಗುವ ಮೊದಲು ಅದು ಸ್ವಲ್ಪ ಸಡಿಲವಾಗಿ ಆಡಬೇಕು. ಲಿವರಿನ ಬುಡದಲ್ಲಿ ಅಳೆದರೆ ಬಹುತೇಕ ಬೈಕುಗಳಲ್ಲಿ 2ರಿಂದ 3 ಮಿಲಿಮೀಟರ್. ಈ ಆಟಕ್ಕೆ ಫ್ರೀ ಪ್ಲೇ ಎನ್ನುತ್ತಾರೆ. ಇದು ಇಲ್ಲದಿದ್ದರೆ ಕೈ ಬಿಟ್ಟರೂ ಕೇಬಲ್ ಬಿಡುವುದಿಲ್ಲ, ಸ್ಪ್ರಿಂಗಿನ ಒಂದಷ್ಟು ಬಲವನ್ನು ಸದಾ ತಾನೇ ತಡೆದಿರುತ್ತದೆ. ಬ್ರೇಕ್ ಕಚ್ಚಿಕೊಂಡ ಸೈಕಲ್ ತುಳಿದಂತೆ.

ಕೇಬಲ್ಲಿನ ಹಿಂಬದಿ ಬ್ರೇಕ್ ಬಲ್ಲವರು ಇಲ್ಲಿ ಮೋಸಹೋಗುತ್ತಾರೆ. ಅಲ್ಲಿ ಸವೆದಷ್ಟೂ ಆಟ ಹೆಚ್ಚುತ್ತದೆ. ಕ್ಲಚ್ಚಿನಲ್ಲಿ ತಿರುಗುಮುರುಗು: ಪ್ಲೇಟ್ ತೆಳುವಾದಷ್ಟೂ ಫ್ರೀ ಪ್ಲೇ ಕಡಿಮೆಯಾಗುತ್ತದೆ. ಅದು ಕಡಿಮೆಯಾದರೆ ಜಾರಾಟ, ಜಾರಿದರೆ ಇನ್ನಷ್ಟು ಸವೆತ. ಕೊನೆಯ ಕೆಲವು ನೂರು ಕಿಲೋಮೀಟರಿನಲ್ಲಿ ಕ್ಲಚ್ ದಿಢೀರನೆ ಕೈಕೊಟ್ಟಂತೆ ಅನ್ನಿಸುವುದು ಇದರಿಂದಲೇ.

ಅಡ್ವೆಂಚರ್ ಬೈಕಿಗೆ ಹೆಚ್ಚಾಗಿ ಅಂಟುವ ಒಂದು ತೊಂದರೆಯಿದೆ. ನಿಂತು ಓಡಿಸಲು ಅನುಕೂಲವಾಗಲೆಂದು ಹ್ಯಾಂಡಲ್ ಕೆಳಗೆ ರೈಸರ್ ಹಾಕಿಸುತ್ತಾರೆ, ಕೇಬಲ್ ಮಾತ್ರ ಹಳೆಯ ಉದ್ದದ್ದೇ. ನೇರ ನಿಂತಾಗ ಎಲ್ಲ ಸರಿ. ಹ್ಯಾಂಡಲ್ ಒಂದು ಬದಿಗೆ ಪೂರ್ತಿ ತಿರುಗಿಸಿದರೆ ಕೇಬಲ್ ಬಿಗಿದು ಫ್ರೀ ಪ್ಲೇ ಮಾಯ. ಘಾಟಿಯ ಹೇರ್‌ಪಿನ್ ತಿರುವಿನಲ್ಲಿ, ಎಂಜಿನ್ ಮೇಲೆ ಭಾರ ಬೀಳುವ ಹೊತ್ತಿಗೇ, ಕ್ಲಚ್ ಅರ್ಧ ಹಿಡಿದಂತಾಗುತ್ತದೆ. ಆದ್ದರಿಂದ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ಅಳೆಯಿರಿ. ವ್ಯತ್ಯಾಸ ಕಂಡರೆ ಕೇಬಲ್ ಹಾದಿ ಬದಲಿಸಿ, ಇಲ್ಲವೇ ಉದ್ದದ ಕೇಬಲ್ ಹಾಕಿ. ಒಮ್ಮೆ ಬಿದ್ದ ಬೈಕಿನಲ್ಲಿ ಬಾಗಿದ ಹ್ಯಾಂಡ್‌ಗಾರ್ಡ್ ಲಿವರಿಗೆ ತಾಗುತ್ತಿದೆಯೇ ಎಂಬುದನ್ನೂ ನೋಡಿ. ಕೇಬಲ್ ಬಿಚ್ಚಿ ಕೈಯಲ್ಲಿ ಎಳೆದಾಗ ಗರಗರ ಎಂದರೆ ಎಳೆ ಬಿಚ್ಚಿಕೊಂಡಿದೆ. ಎಣ್ಣೆ ಬಿಡುತ್ತ ಕೂರಬೇಡಿ, ಬದಲಿಸಿ.

ಹಂತ 3: ಆಯಿಲ್ ಡಬ್ಬದ ಹಿಂಬದಿ ಓದಿ

ಕಾರಿನ ಆಯಿಲ್ ಎಷ್ಟೇ ದುಬಾರಿಯದಾದರೂ ಇಲ್ಲಿಗೆ ಬೇಡ. ಮೈಲೇಜ್ ಹೆಚ್ಚಲೆಂದು ಅಂಥ ಎಷ್ಟೋ ಆಯಿಲ್‌ಗಳಲ್ಲಿ ಜಾರುವ ಗುಣದ ರಾಸಾಯನಿಕ ಬೆರೆಸಿರುತ್ತಾರೆ. ನಮ್ಮ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿದೆ. ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 ಎಂದಿರಬೇಕು. ಎಂಬಿ ಎಂದಿದ್ದರೆ ಅದು ಸ್ಕೂಟರುಗಳಿಗೆ. 411ಕ್ಕೆ ದಪ್ಪ 15ಡಬ್ಲ್ಯೂ-50. ಸೆಕೆಂಡ್ ಹ್ಯಾಂಡ್ ಬೈಕ್ ಕೊಂಡವರು ಹಿಂದಿನವರು ಏನು ಹಾಕಿದ್ದರೆಂದು ತಲೆಕೆಡಿಸಿಕೊಳ್ಳದೆ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ. ಬೇಗ ಎಚ್ಚೆತ್ತಿದ್ದರೆ ಕೆಲವೊಮ್ಮೆ ಇಷ್ಟಕ್ಕೇ ಜಾರಾಟ ನಿಲ್ಲುತ್ತದೆ. ನಿಲ್ಲದಿದ್ದರೆ ಬಿಚ್ಚಲೇಬೇಕು.

ಹಂತ 4: ಬಿಚ್ಚುವುದು

ಎಂಜಿನ್ ತಣಿದ ಮೇಲೆ ಆಯಿಲ್ ಇಳಿಸಿ. ಬಲಬದಿಯ ಕವರಿನ ಬೋಲ್ಟುಗಳು ಒಂದೇ ಉದ್ದ ಇರುತ್ತವೆಂದು ನಂಬಬೇಡಿ: ರಟ್ಟಿನ ಮೇಲೆ ಕವರಿನ ಆಕಾರ ಬರೆದು, ತೂತು ಮಾಡಿ, ಬೋಲ್ಟುಗಳನ್ನು ಅವುಗಳ ಜಾಗದಲ್ಲೇ ಚುಚ್ಚಿಡಿ. ಕವರ್ ಬಿಡದಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಆ ಗೀರಿನಿಂದಲೇ ಮುಂದೆ ಆಯಿಲ್ ಜಿನುಗುತ್ತದೆ. ರಬ್ಬರ್ ಸುತ್ತಿಗೆಯಿಂದ ಸುತ್ತ ತಟ್ಟಿ. ಸ್ಪ್ರಿಂಗ್ ಬೋಲ್ಟುಗಳನ್ನು ಎದುರುಬದುರಾಗಿ, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಪ್ಲೇಟ್ ತೆಗೆಯುವಾಗ ಪ್ರತಿಯೊಂದರ ಫೋಟೋ ತೆಗೆದು, ಹಳೆ ಪೇಪರಿನ ಮೇಲೆ ಅದೇ ಕ್ರಮದಲ್ಲಿ ಸಾಲಾಗಿಡಿ.

ಹಂತ 5: ಪ್ಲೇಟ್ ಏನು ಹೇಳುತ್ತದೆ

ಇಡೀ ಕೆಲಸದ ಜೀವಾಳ ಇದು. ಅವಸರ ಬೇಡ.

ಫ್ರಿಕ್ಷನ್ ಪ್ಲೇಟಿನ ದಪ್ಪವನ್ನು ವರ್ನಿಯರಿನಲ್ಲಿ ನಾಲ್ಕಾರು ಕಡೆ ಅಳೆಯಿರಿ. ಎಲ್ಲವೂ ಸಮವಾಗಿ ತೆಳುವಾಗಿ, ಸ್ಟೀಲ್ ಪ್ಲೇಟ್ ಬಣ್ಣಗೆಡದೆ ಇದ್ದರೆ ಅದು ವಯಸ್ಸಿನ ಸವೆತ. ದಪ್ಪ ಸರಿಯಿದ್ದು ಮೈ ಮಾತ್ರ ಕಪ್ಪಗೆ, ಗಾಜಿನ ಹೊಳಪು ಬಂದಿದ್ದರೆ ಆಯಿಲ್ ಅಥವಾ ಕೇಬಲ್ ಮೇಲೆ ಅನುಮಾನ. ಸ್ಟೀಲ್ ಪ್ಲೇಟ್ ಮೇಲೆ ನೀಲಿ ಮಚ್ಚೆಗಳಿದ್ದರೆ ಅದು ಅತಿ ಬಿಸಿಯ ಗುರುತು, ಬಹುಪಾಲು ಹಾಫ್ ಕ್ಲಚ್ಚಿನ, ಅಂದರೆ ಲಿವರ್ ಅರ್ಧ ಹಿಡಿದೇ ಓಡಿಸುವುದರ ಫಲ.

ಸ್ಟೀಲ್ ಪ್ಲೇಟನ್ನು ದಪ್ಪ ಗಾಜಿನ ಮೇಲಿಟ್ಟು ಅಂಚಿನಡಿ ಫೀಲರ್ ಗೇಜ್ ತೂರಿಸಿ. ಸಾಮಾನ್ಯವಾಗಿ ಮ್ಯಾನ್ಯುಯಲ್‌ಗಳು ಒಪ್ಪುವ ಬಾಗು 0.1ರಿಂದ 0.3 ಮಿಲಿಮೀಟರ್ ಒಳಗೆ, ಕಣ್ಣಿಗೆ ಕಾಣುವಂಥದ್ದಲ್ಲ. ಬಾಗಿದ ಪ್ಲೇಟ್ ಕೆಲವೇ ಬಿಂದುಗಳಲ್ಲಿ ತಾಗಿ, ಪಕ್ಕದ ಹೊಸ ಪ್ಲೇಟನ್ನು ಅಲ್ಲಲ್ಲೇ ಸುಡುತ್ತದೆ.

ಸ್ಪ್ರಿಂಗುಗಳನ್ನು ಸಾಲಾಗಿ ನಿಲ್ಲಿಸಿ ಎತ್ತರ ಅಳೆಯಿರಿ. ಬಿಸಿ ಉಂಡ ಸ್ಪ್ರಿಂಗ್ ಗಿಡ್ಡವಾಗಿ ಬಲ ಕಳೆದುಕೊಂಡಿರುತ್ತದೆ. ಪದೇ ಪದೇ ಹೋಗುವ ಕ್ಲಚ್ಚಿನ ಗುಟ್ಟು ಹೆಚ್ಚಾಗಿ ಇಲ್ಲಿದೆ ಎಂಬುದು ನನ್ನ ಎಣಿಕೆ: ಫ್ರಿಕ್ಷನ್ ಪ್ಲೇಟ್ ಮಾತ್ರ ಹೊಸದು, ಬಾಗಿದ ಸ್ಟೀಲ್, ಸೋತ ಸ್ಪ್ರಿಂಗ್ ಎರಡೂ ಹಳೆಯವೇ. ಉಳಿಸಿದ ಹಣ ಮುಂದಿನ ಪ್ಲೇಟಿಗೆ ಖರ್ಚಾಗುತ್ತದೆ.

ಕೊನೆಗೆ ಬಾಸ್ಕೆಟ್ಟಿನ ಬೆರಳುಗಳ ಮೇಲೆ ಉಗುರು ಎಳೆಯಿರಿ. ಪ್ಲೇಟಿನ ಕಿವಿಗಳು ಬಡಿದು ಕಚ್ಚು ಬಿದ್ದಿದ್ದರೆ ಪ್ಲೇಟುಗಳು ಸಲೀಸಾಗಿ ಸರಿಯಲಾರವು. ಸಣ್ಣ ಕಚ್ಚನ್ನು ನುಣುಪು ಅರದಿಂದ ಉಜ್ಜಬಹುದು, ಪುಡಿ ಎಂಜಿನ್ನಿಗೆ ಬೀಳದಂತೆ ಬಟ್ಟೆ ತುರುಕಿ. ಆಳವಾಗಿದ್ದರೆ ಬಾಸ್ಕೆಟ್ಟೇ ಬದಲಾಗಬೇಕು, ಮತ್ತು ಅದನ್ನು ಬಿಚ್ಚಲು ವಿಶೇಷ ಹತ್ಯಾರ ಬೇಕು. ಹೊಸಬರು ಇಲ್ಲಿ ನಿಲ್ಲಿಸಿ ಮೆಕ್ಯಾನಿಕ್ಕಿಗೆ ಒಪ್ಪಿಸುವುದೇ ಸರಿ.

ಹಂತ 6: ಜೋಡಣೆ

ಫ್ರಿಕ್ಷನ್, ಸ್ಟೀಲ್, ಸ್ಪ್ರಿಂಗ್, ಗ್ಯಾಸ್ಕೆಟ್ ಪೂರ್ತಿ ಸೆಟ್ ತನ್ನಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕುವುದಾದರೆ ಹಳೆಯ ಪ್ಲೇಟ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ದಪ್ಪ ಹೋಲಿಸಿ ನೋಡಿಯೇ ಕೊಳ್ಳಿ. 'ಗಟ್ಟಿ ಸ್ಪ್ರಿಂಗ್ ಹಾಕಿ, ಜಾರೋದೇ ಇಲ್ಲ' ಎನ್ನುವವರಿದ್ದಾರೆ. ಅದರಿಂದ ಬೆರಳು ನೋಯುತ್ತದೆ, ಕೇಬಲ್ ಬೇಗ ಹರಿಯುತ್ತದೆ, ಮೂಲ ಕಾರಣ ಹಾಗೇ ಉಳಿಯುತ್ತದೆ.

ಹೊಸ ಫ್ರಿಕ್ಷನ್ ಪ್ಲೇಟುಗಳನ್ನು ರಾತ್ರಿಯಿಡೀ ಹೊಸ ಎಂಜಿನ್ ಆಯಿಲ್‌ನಲ್ಲಿ ನೆನೆಸಿಡಿ. ಒಣಗಿದ್ದನ್ನು ಹಾಗೇ ಹಾಕಿದರೆ ಮೊದಲ ಕೆಲವು ನಿಮಿಷದಲ್ಲೇ ಸುಡಬಹುದು. ಫೋಟೋ ನೋಡಿಕೊಂಡು ಅದೇ ಕ್ರಮದಲ್ಲಿ ಜೋಡಿಸಿ. ಪ್ರೆಷರ್ ಪ್ಲೇಟ್ ಹಬ್ಬಿನ ಹಲ್ಲುಗಳಿಗೆ ಸರಿಯಾಗಿ ಕೂತಿದೆಯೇ ಎಂದು ಕೈಯಿಂದ ತಿರುಗಿಸಿ ಖಚಿತಪಡಿಸಿಕೊಂಡ ಮೇಲಷ್ಟೇ ಬೋಲ್ಟ್ ಬಿಗಿಯಿರಿ. ಬೋಲ್ಟ್ ಕೂರುವ ಜಾಗ ಅಲ್ಯೂಮಿನಿಯಮ್. ತೋಳಬಲ ತೋರಿಸಿದರೆ ಮುರಿಯುತ್ತದೆ. ಟಾರ್ಕ್ ರೆಂಚ್ ಬಳಸಿ, ಎದುರುಬದುರಾಗಿ ಬಿಗಿಯಿರಿ. ಹೊಸ ಗ್ಯಾಸ್ಕೆಟ್, ಕವರ್, ಹೊಸ ಆಯಿಲ್. ಆಮೇಲೆ ಕೇಬಲ್ಲಿನ ಅಡ್ಜಸ್ಟರ್ ತಿರುಗಿಸಿ ಫ್ರೀ ಪ್ಲೇ ಹೊಸದಾಗಿ ಹೊಂದಿಸಿ, ಹ್ಯಾಂಡಲ್ ಎರಡೂ ಬದಿಗೆ ತಿರುಗಿಸಿ ಮತ್ತೆ ಅಳೆಯಿರಿ.

ಹಂತ 7: ಓಡಿಸುವ ಕೈ

ಆಗುಂಬೆಯ ತಿರುವಿನಲ್ಲಿ ಟ್ರಾಫಿಕ್ ನಿಂತಾಗ ಬೈಕನ್ನು ಬ್ರೇಕ್ ಹಿಡಿದು ನಿಲ್ಲಿಸಿ, ಕ್ಲಚ್ ಆಡಿಸುತ್ತ ಅಲ್ಲ. ಲಗೇಜ್ ಹೇರಿದ ಬೈಕನ್ನು ಎರಡನೇ ಗೇರಿನಲ್ಲಿ ಎತ್ತಬೇಡಿ. ಲಡಾಖಿನಲ್ಲಿ ಇನ್ನೊಂದು ಬಲೆ: ಖರ್ದುಂಗ್ ಲಾ 5,000 ಮೀಟರಿಗೂ ಎತ್ತರ, ಗಾಳಿ ತೆಳುವಾಗಿ ಎಂಜಿನ್ ಸೊರಗುತ್ತದೆ, ಆ ಕೊರತೆಯನ್ನು ಸವಾರ ಹಾಫ್ ಕ್ಲಚ್ಚಿನಿಂದ ತುಂಬಲು ಹೋಗುತ್ತಾನೆ. ಕೆಸರಲ್ಲಿ ಹಿಂಚಕ್ರ ಹೂತರೆ ಇಳಿದು ತಳ್ಳಿ, ಕಲ್ಲು ಹಾಕಿ. ಸೀದ ವಾಸನೆ ಬಂತೆಂದರೆ ಎಂಜಿನ್ ಆಫ್ ಮಾಡಿ ಕಾಲು ಗಂಟೆ ತಣಿಯಲು ಬಿಡಿ.

ಹೊಸ ಪ್ಲೇಟುಗಳು ಕೂರುವಾಗ ಫ್ರೀ ಪ್ಲೇ ಸ್ವಲ್ಪ ಬದಲಾಗುತ್ತದೆ, ಆದ್ದರಿಂದ ಮೊದಲ 500 ಕಿಲೋಮೀಟರ್ ಆದ ಮೇಲೆ ಒಮ್ಮೆ ಅಳೆಯಿರಿ, ನಂತರ ಚೈನಿಗೆ ಎಣ್ಣೆ ಹಾಕುವಾಗಲೆಲ್ಲ. ಆಮೇಲೂ ಅಡ್ಜಸ್ಟರ್ ತಿರುಗಿಸುತ್ತಲೇ ಇರಬೇಕಾಗಿ ಬಂದರೆ ಪ್ಲೇಟ್ ಮತ್ತೆ ಸವೆಯುತ್ತಿರಬಹುದು, ಹಂತ 2ಕ್ಕೆ ಮರಳಿ.