ಬಯೋಪಾಲಿಮರ್ ಸಂಶೋಧನೆಗೆ ಹೊರಟ ಕೆಮಿಕಲ್ ಎಂಜಿನಿಯರಿಗೆ ಏಳು ಸೂತ್ರಗಳು

ಬಿ.ಇ. ಕೆಮಿಕಲ್ ಮುಗಿಸಿ ಬಯೋಟೆಕ್ನಾಲಜಿ ಲ್ಯಾಬಿಗೆ ಕಾಲಿಟ್ಟವರಿಗೆ ಮೊದಲ ಸೆಮಿನಾರಿನಲ್ಲೇ ಕೀಳರಿಮೆ ಅಂಟಿಕೊಳ್ಳುತ್ತದೆ. ಜೀನ್, ಪ್ಲಾಸ್ಮಿಡ್ ಒಂದೂ ಅರ್ಥವಾಗುತ್ತಿಲ್ಲವಲ್ಲ! ಅಲ್ಲಿಂದಲೇ ಶುರು ಮಾಡೋಣ.

1. ಕಲಿತ ವಿದ್ಯೆಯನ್ನು ಬಿಟ್ಟುಕೊಡಬೇಡಿ. 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದವರು ಅಲೆಕ್ಸಾಂಡರ್ ಫ್ಲೆಮಿಂಗ್. ಅದನ್ನು ಆಳದ ಟ್ಯಾಂಕುಗಳಲ್ಲಿ ತಯಾರಿಸುವ ಕಾರ್ಖಾನೆಯ ವಿನ್ಯಾಸದಲ್ಲಿ ದೊಡ್ಡ ಪಾಲು ಮಾರ್ಗರೆಟ್ ಹಚಿನ್ಸನ್ ರೂಸೋ ಅವರದು. ಅವರು 1937ರಲ್ಲಿ ಎಂಐಟಿಯಿಂದ ಡಾಕ್ಟರೇಟ್ ಪಡೆದ ಕೆಮಿಕಲ್ ಎಂಜಿನಿಯರ್.

2. ಉಸಿರಿನ ಲೆಕ್ಕ ಇಡಿ. 30 ಡಿಗ್ರಿಯಲ್ಲಿ ಒಂದು ಲೀಟರ್ ನೀರಿಗೆ ಗಾಳಿಯಿಂದ ಕರಗುವ ಆಮ್ಲಜನಕ ಸುಮಾರು 7.5 ಮಿಲಿಗ್ರಾಂ, ಅಷ್ಟೇ. ದಟ್ಟವಾಗಿ ಬೆಳೆದ ಬ್ಯಾಕ್ಟೀರಿಯಾ ಅದನ್ನು ಕೆಲವೇ ಸೆಕೆಂಡುಗಳಲ್ಲಿ ಖಾಲಿ ಮಾಡುತ್ತವೆ. ಫ್ಲಾಸ್ಕಿನಲ್ಲಿ ಗೆದ್ದ ತಳಿ ದೊಡ್ಡ ಟ್ಯಾಂಕಿನಲ್ಲಿ ಸೋತರೆ ಜೀನ್ ಬದಲಿಸುವ ಮೊದಲು ಗಾಳಿ, ಕಲಕುವ ವೇಗ, ಶಾಖ ಈ ಮೂರನ್ನು ನೋಡಿ. ಅದು ನಿಮ್ಮದೇ ಅಂಗಳ.

3. ಒಂದು ಪಾಲಿಮರಿನ ಚರಿತ್ರೆಯನ್ನು ಪೂರ್ತಿ ಓದಿ. ನನ್ನ ಆಯ್ಕೆ ಪಿಎಚ್‌ಬಿ, ಅಂದರೆ ಪಾಲಿಹೈಡ್ರಾಕ್ಸಿಬ್ಯುಟಿರೇಟ್. ಫ್ರಾನ್ಸಿನ ಮೋರಿಸ್ ಲೆಮ್ವಾನ್ಯ್ 1920ರ ದಶಕದಲ್ಲೇ ಇದನ್ನು ಬ್ಯಾಕ್ಟೀರಿಯಾದೊಳಗೆ ಗುರುತಿಸಿದ್ದರು. ಸಕ್ಕರೆ ಯಥೇಚ್ಛವಾಗಿದ್ದು ಸಾರಜನಕಕ್ಕೆ ಬರ ಬಂದಾಗ ಕೆಲವು ಬ್ಯಾಕ್ಟೀರಿಯಾ ಇದನ್ನು ಕಣಗಳಾಗಿ ಕೂಡಿಡುತ್ತವೆ. ಕೋಶದ ಒಣತೂಕದ ಶೇಕಡಾ 80ರಷ್ಟು ಪಾಲಿಮರೇ ಆಗಿಬಿಡುವುದೂ ಉಂಟು. ಕೇಳಲು ಚಂದ. ಆದರೆ ಅದು ಕರಗುವುದು ಸುಮಾರು 175 ಡಿಗ್ರಿಯಲ್ಲಿ, ಇನ್ನೊಂದಿಷ್ಟು ಬಿಸಿ ಏರಿದರೆ ಕೆಡತೊಡಗುತ್ತದೆ. ಅಚ್ಚಿಗೆ ಸುರಿಯುವವನಿಗೆ ಸಿಗುವ ಅವಕಾಶ ಬಲು ಕಿರಿದು. ತಣ್ಣಗಾದ ಮೇಲೆ ಚಕ್ಕೆಯಂತೆ ಮುರಿಯುತ್ತದೆ. ಬ್ರಿಟನ್ನಿನ ಐಸಿಐ ಕಂಪನಿ ಅದಕ್ಕೆ ವ್ಯಾಲೆರೇಟ್ ಸೇರಿಸಿ ಮೆದುಗೊಳಿಸಿ ಬಯೋಪಾಲ್ ಎಂದು ಹೆಸರಿಟ್ಟಿತು. 1990ರಲ್ಲಿ ಜರ್ಮನಿಯಲ್ಲಿ ವೆಲ್ಲಾ ಶಾಂಪೂ ಅದರ ಬಾಟಲಿಯಲ್ಲಿ ಬಂತು. ಪೆಟ್ರೋಲಿಯಂ ಪ್ಲಾಸ್ಟಿಕ್ಕಿನ ಬೆಲೆಗೆ ಸಾಟಿಯಾಗಲಾರದೆ ಈ ಉದ್ಯಮ ಜೆನೆಕಾ, ಮೊನ್ಸಾಂಟೊ, ಮೆಟಬಾಲಿಕ್ಸ್ ಎಂದು ಕೈ ಬದಲಿಸುತ್ತಲೇ ಹೋಯಿತು.

4. ಕೋಶ ಒಡೆಯುವ ಖರ್ಚನ್ನು ಮೊದಲ ದಿನವೇ ಬರೆದಿಡಿ. ಲ್ಯಾಬಿನಲ್ಲಿ ಕ್ಲೋರೋಫಾರ್ಮ್ ಸುರಿದು ಪಿಎಚ್‌ಬಿ ತೆಗೆಯುವುದು ಸಲೀಸು. ಟನ್‌ಗಟ್ಟಲೆ ವಿಷದ್ರಾವಕ ಬಳಸಿ 'ಹಸಿರು' ಪ್ಲಾಸ್ಟಿಕ್ ಮಾಡುತ್ತೇನೆ ಎಂದರೆ ನಗೆಪಾಟಲು.

5. ಕಚ್ಚಾವಸ್ತು ಪುಕ್ಕಟೆ ಎಂದು ನಂಬಬೇಡಿ. ಮಂಡ್ಯದ ಕಾಕಂಬಿಯನ್ನು 'ತ್ಯಾಜ್ಯ' ಎಂದು ಪ್ರಾಜೆಕ್ಟಿನಲ್ಲಿ ಬರೆಯುವವರಿದ್ದಾರೆ. ಡಿಸ್ಟಿಲರಿಗಳು ಅದನ್ನು ದುಡ್ಡು ಕೊಟ್ಟು ಕೊಳ್ಳುತ್ತವೆ. ಮಲ್ಪೆಯ ಸೀಗಡಿ ಚಿಪ್ಪಿನಿಂದ ಕೈಟೋಸಾನ್ ತೆಗೆಯುವ ಯೋಚನೆಯಿದ್ದರೆ, ಮೀನುಗಾರಿಕೆ ನಿಲ್ಲುವ ಮಳೆಗಾಲದಲ್ಲಿ ಚಿಪ್ಪು ಎಲ್ಲಿಂದ ತರುತ್ತೀರಿ?

6. 'ಮಣ್ಣಾಗುತ್ತದೆ' ಎನ್ನುವ ಮುನ್ನ ಎಲ್ಲಿ, ಎಷ್ಟು ಬಿಸಿಯಲ್ಲಿ ಎಂದು ಹೇಳಿ. ಪಿಎಲ್‌ಎ (ಪಾಲಿಲ್ಯಾಕ್ಟಿಕ್ ಆಮ್ಲ) ಲೋಟ ಚೆನ್ನಾಗಿ ಕೊಳೆಯಲು ಕೈಗಾರಿಕಾ ಕಾಂಪೋಸ್ಟಿನ 58 ಡಿಗ್ರಿಯಷ್ಟು ಬಿಸಿ ಬೇಕು. ಹಿತ್ತಲ ತಿಪ್ಪೆಗೆ ಎಸೆದರೆ ಮುಂದಿನ ವರ್ಷವೂ ಅಲ್ಲೇ ಬಿದ್ದಿರಬಹುದು.

7. ಪೇಪರ್ ಕಳಿಸುವ ಮುಂಚೆ ಪೇಟೆಂಟ್ ಅರ್ಜಿ ಹಾಕಿ. ಗೈಡ್ ಅವಸರಪಡಿಸಿದರೂ ವಿನಯದಿಂದ ತಡೆಯಿರಿ. ಜರ್ನಲ್ಲಿನಲ್ಲಿ ಒಮ್ಮೆ ಅಚ್ಚಾದ ವಿಧಾನ ಪೇಟೆಂಟ್ ಕಚೇರಿಯ ಕಣ್ಣಿಗೆ ಸಾಮಾನ್ಯವಾಗಿ ಹೊಸದಲ್ಲ, ಅದನ್ನು ಕಂಡುಹಿಡಿದವರು ನೀವೇ ಆಗಿದ್ದರೂ.