ಭಾಗ್ಯಚಕ್ರ: ಸೊಲ್ಲಾಪುರದ ಹಳೆಯ ಗಿರಣಿಯ ಪಾಠ

ಮಕ್ಕಳೇ, ಭಾಗ್ಯವು ಸ್ಥಿರವಲ್ಲವೆಂಬುದನ್ನು ಅರಿಯಲು ಪುರಾಣಗಳನ್ನೇ ತೆರೆಯಬೇಕಾಗಿಲ್ಲ. ನಮ್ಮ ಬೋರಾಮಣಿಗೆ ಸಮೀಪದ ಸೊಲ್ಲಾಪುರದ 'ಜುನೀ ಗಿರಣಿ'ಯ ವೃತ್ತಾಂತವೇ ಸಾಕು.

1877ರಲ್ಲಿ ಆರಂಭವಾದ ಈ ಗಿರಣಿಯು ವ್ಯಾಪಾರದ ಪೇಟೆಯನ್ನು ಔದ್ಯೋಗಿಕ ನಗರವನ್ನಾಗಿ ಮಾಡಿತು. ಕನ್ನಡ, ಮರಾಠಿ, ತೆಲುಗು ಮನೆತನಗಳು ಅದರ ಕೂಗಿಗೆ ಎದ್ದು, ಅದರ ಕೂಲಿಯಿಂದ ಉಂಡವು. ಆದರೆ 1949ರ ಆಗಸ್ಟಿನಲ್ಲಿ ಅದರ ಬಾಗಿಲು ಮುಚ್ಚಿತು. ಆಡಳಿತದ ಅವ್ಯವಸ್ಥೆಯಿಂದ ಉತ್ಪಾದನೆ ಕುಂದಿ ನಿರುದ್ಯೋಗ ಹಬ್ಬಿತೆಂದು ಹೇಳಿ, ಸರಕಾರವು 1950ರ ಜನವರಿಯಲ್ಲಿ ಸುಗ್ರೀವಾಜ್ಞೆಯಿಂದ ಗಿರಣಿಯನ್ನು ತನ್ನ ವಶಕ್ಕೆ ತೆಗೆದುಕೊಂಡಿತು.

ಇನ್ನೊಂದು ತಿರುವನ್ನು ನೋಡಿರಿ. ಈ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದ ಪಾಲುದಾರನೊಬ್ಬನು 1950ರಲ್ಲಿ ಸೋತನು. ಬೇರೊಬ್ಬ ಪಾಲುದಾರನು ಮೊರೆಯಿಟ್ಟಾಗ, ಪರಿಹಾರವಿಲ್ಲದೆ ಕಂಪನಿಯ ಸ್ವತ್ತನ್ನು ಕಸಿಯಲಾಗದೆಂದು ಅದೇ ನ್ಯಾಯಾಲಯವು 1953ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ಸೋತ ವಾದವು ಗೆದ್ದಿತು. ಗಿರಣಿಯು ಮಾತ್ರ ಬಹುಕಾಲ ಬಾಳಲಿಲ್ಲ.

ಹಾಗಾದರೆ ಸೊಲ್ಲಾಪುರದ ನೇಯ್ಗೆ ಅಳಿಯಿತೇ? ಇಲ್ಲ. ಕೈಮಗ್ಗಗಳಲ್ಲಿಯೂ, ಅನಂತರ ವಿದ್ಯುತ್ ಮಗ್ಗಗಳಲ್ಲಿಯೂ ಬೆಳೆದು ಬಂದ ಸೊಲ್ಲಾಪುರದ ಚಾದರವು ಈ ಶತಮಾನದಲ್ಲಿ ಭೌಗೋಳಿಕ ಗುರುತನ್ನು ಪಡೆಯಿತು. ಬಂಡವಾಳ ಕೈಬಿಟ್ಟರೂ ಕಲಿತ ಕಸುಬು ಕೈಬಿಡಲಿಲ್ಲ.

ಪಾಲಕರೇ, ಮಳೆ ಕೈಕೊಟ್ಟ ವರ್ಷ ಮಗನನ್ನೋ ಮಗಳನ್ನೋ ಶಾಲೆ ಬಿಡಿಸುವ ಯೋಚನೆ ಬಂದರೆ ಇದನ್ನು ನೆನೆಯಿರಿ. ಒಂದು ಬೆಳೆ ಹೋದರೆ ಮತ್ತೊಂದು ಬಂದೀತು. ತಪ್ಪಿದ ಕಲಿಕೆ ಹಾಗೆ ಮರಳುವುದು ಕಷ್ಟ.

ಅಭ್ಯಾಸ: ನಿಮ್ಮ ಮನೆತನದಲ್ಲಿ ಗಿರಣಿಯಲ್ಲಿ ದುಡಿದವರಿದ್ದರೆ, ಹಿರಿಯರನ್ನು ಕೇಳಿ ಹತ್ತು ವಾಕ್ಯಗಳಲ್ಲಿ ಬರೆಯಿರಿ.